ಇಪ್ಪತ್ತೆಂಟು ಡಿಗ್ರಿ

ವಿನೋಬನಗರದ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತ ನನಗೆ ಹದಿನೈದು ವರ್ಷವಾಯಿತು. ಕೆಲಸ ಗೊತ್ತು ಎನ್ನುವ ಧಿಮಾಕು ಮೊದಲಿನಿಂದಲೂ ಸ್ವಲ್ಪ ಜಾಸ್ತಿ. ಗಿರಾಕಿ ಬಾಯಿ ತೆರೆದರೆ ಸಾಕು, ಅರ್ಧದಲ್ಲೇ ತಡೆದು ಕಾಯಿಲೆ ಇಂಥದ್ದೇ ಎಂದು ಹೇಳಿಬಿಡುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೇ ಇರುತ್ತಿತ್ತು. ಹತ್ತನೆಯದನ್ನು ಬರೆಯಲು ಕೂತಿದ್ದೇನೆ, ನಾಚಿಕೆಯಾಗುತ್ತಿದೆ.

ಹರಿಹರದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ ಇದೆ. ಅಲ್ಲಿಗೆ ಕಂಪ್ಯೂಟರ್ ಜೋಡಿಸಿ, ಅದನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಟ್ಟವನು ನಾನೇ. ಅದರ ಮುಂದೆ ಕೂತು ಟೈಪ್ ಮಾಡುವವಳು ಕೊಕ್ಕನೂರಿನಿಂದ ದಿನಾ ಬಸ್ಸಿಗೆ ಬರುವ ಒಬ್ಬ ಹೆಣ್ಣುಮಗಳು. ಮೊದಲು ಆಕೆ ಅದೇ ಪ್ರೆಸ್ಸಿನಲ್ಲಿ ಪತ್ರಿಕೆ ಮಡಚಿ ಕವರಿಗೆ ತುಂಬುತ್ತಿದ್ದಳಂತೆ. ಊಟದ ಬಿಡುವಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಟೈಪಿಂಗ್ ಕಲಿತು ಆ ಕುರ್ಚಿಗೆ ಬಂದಿದ್ದಳು.

ಕಂಪ್ಯೂಟರಿನೊಳಗೆ ಬಿಸಿ ಅಳೆಯುವ ಸೆನ್ಸರ್‌ಗಳಿರುತ್ತವೆ. ಲಿನಕ್ಸಿನಲ್ಲಿ ಒಂದು ಪದ ಟೈಪ್ ಮಾಡಿದರೆ ಸೆನ್ಸರಿಗೊಂದು ಸಾಲಿನಂತೆ ಡಿಗ್ರಿಗಳು ಬರುತ್ತವೆ. ಅವುಗಳಲ್ಲಿ ಕೆಲವು ಶುದ್ಧ ಸುಳ್ಳು. ಬೋರ್ಡಿನಲ್ಲಿ ಜಾಗ ಬಿಟ್ಟಿರುತ್ತಾರೆ, ಸೆನ್ಸರ್ ಕೂರಿಸಿರುವುದಿಲ್ಲ. ಆ ಖಾಲಿ ಜಾಗವೇ ಬಾಯಿಗೆ ಬಂದ ಒಂದು ಅಂಕಿ ತೋರಿಸುತ್ತದೆ, ಹೆಚ್ಚಾಗಿ ನೂರಿಪ್ಪತ್ತೇಳು ಡಿಗ್ರಿ. ಅದನ್ನು ನೋಡಿ ಗಿರಾಕಿಗಳು ಗಾಬರಿಬಿದ್ದು ಫೋನ್ ಮಾಡುತ್ತಿದ್ದರು. ಸಮಾಧಾನ ಹೇಳಿ ಹೇಳಿ ಬೇಜಾರಾಗಿ ಒಂದು ಫೈಲ್ ಬರೆದಿಟ್ಟುಕೊಂಡೆ. ನಾನು ಹಾಕುತ್ತಿದ್ದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಸುಳ್ಳು ಹೇಳುತ್ತಿದ್ದುದು ಎರಡನೆಯ ಸಾಲು; ಅದನ್ನು ತೋರಿಸಬೇಡ ಎನ್ನುವುದಷ್ಟೇ ಆ ಫೈಲಿನ ಕೆಲಸ. ಹೊಸ ಕಂಪ್ಯೂಟರ್ ಕೊಡುವಾಗಲೆಲ್ಲ ಪೆನ್‌ಡ್ರೈವಿನಿಂದ ಅದನ್ನು ಕಣ್ಣುಮುಚ್ಚಿ ಹಾಕುತ್ತಿದ್ದೆ. ಹರಿಹರದ್ದಕ್ಕೂ ಹಾಕಿದ್ದೆ.

ಏಪ್ರಿಲ್‌ನಲ್ಲಿ, ಲಗ್ನದ ಕೆಲಸ ಮೈಮೇಲೆ ಬರುವ ಹೊತ್ತಿಗೆ, ಆಕೆಯ ಫೋನ್ ಬಂತು.

“ಸರ್, ಕೆಲ್ಸ ಮಾಡ್ತಾ ಮಾಡ್ತಾ ತಾನೇ ಆಫ್ ಆಗ್ತೈತೆ. ಡಬ್ಬಿ ಮುಟ್ಟಿದ್ರೆ ಕೈ ಚುರ್ ಅಂತೈತೆ.”

“ನಾನು ಹೇಳಿಕೊಟ್ಟಿದ್ನಲ್ಲ, ಅದನ್ನ ಟೈಪ್ ಮಾಡಿ ಓದ್ರಿ,” ಎಂದೆ. ಒಂದೇ ಸಾಲು ಬಂತು. ಇಪ್ಪತ್ತೆಂಟು ಡಿಗ್ರಿ.

“ಇಪ್ಪತ್ತೆಂಟಕ್ಕೆ ಯಾವ ಕಂಪ್ಯೂಟರೂ ಆಫ್ ಆಗಲ್ರೀ ಮೇಡಂ.”

“ಬೆಳಿಗ್ಗೆನೂ ಇಪ್ಪತ್ತೆಂಟೇ ಇತ್ತು ಸರ್. ನಿನ್ನೆ ನೋಡ್ದಾಗ್ಲೂ ಅಷ್ಟೇ. ಹೊರಗೆ ಮೂವತ್ತೊಂಬತ್ತು ಐತೆ ಅಂತ ಮೊಬೈಲ್‌ನಾಗೆ ತೋರಿಸ್ತೈತೆ. ಕೋಣೆಗಿಂತ ಕಂಪ್ಯೂಟರ್ ತಣ್ಣಗೆ ಹೆಂಗಿರ್ತೈತೆ?”

ನನ್ನ ಎದುರಿಗೆ ಒಬ್ಬ ಗಿರಾಕಿ ಕೂತಿದ್ದ. ಅವನಿಗೂ ಮಜಾ ಸಿಗಲಿ ಎಂದು ಅಷ್ಟೊತ್ತಿಗೆ ಫೋನನ್ನು ಸ್ಪೀಕರಿಗೆ ಹಾಕಿದ್ದೆ. “ನೀವು ಪತ್ರಿಕೆ ನೋಡ್ಕೊಳ್ರಿ, ಡಿಗ್ರಿ ನಾವು ನೋಡ್ಕೋತೀವಿ,” ಎಂದು ನಕ್ಕೆ. ಅವನೂ ನಕ್ಕ. ಆ ಕಡೆ ಆಕೆ “ಆಯ್ತು ಸರ್” ಎಂದು ಇಟ್ಟಳು.

ಆಕೆ ಕೇಳಿದ್ದು ನಾನು ಕೇಳಬೇಕಾಗಿದ್ದ ಪ್ರಶ್ನೆ. ದಿನವಿಡೀ ಒಂದೇ ಅಂಕಿ ತೋರಿಸುವ ಸೆನ್ಸರನ್ನು ನಂಬಬಾರದು ಎನ್ನುವುದು ಈ ಕೆಲಸದ ಮೊದಲ ಪಾಠ.

ವಾರದೊಳಗೆ ಅನಾಹುತವಾಯಿತು. ಒಂದು ಪತ್ರಿಕೆಯ ಮಧ್ಯದಲ್ಲಿ ಕಂಪ್ಯೂಟರ್ ಆರಿಹೋಗಿ, ಸುಖಾಗಮನ ಬಯಸುವವರ ಪಟ್ಟಿಯನ್ನು ಆಕೆ ಅವಸರದಲ್ಲಿ ಮತ್ತೆ ಟೈಪ್ ಮಾಡಿದಳು. ವಧುವಿನ ಸೋದರಮಾವನ ಹೆಸರು ಬಿಟ್ಟುಹೋಯಿತು. ನಮ್ಮ ಕಡೆ ಸೋದರಮಾವನ ಹೆಸರಿಲ್ಲದ ಪತ್ರಿಕೆ ಹಂಚಿದರೆ ಮದುವೆಗಿಂತ ಮೊದಲು ಜಗಳ ನಡೆಯುತ್ತದೆ. ಬೀಗರೆಲ್ಲ ಪ್ರೆಸ್ಸಿಗೇ ಬಂದು ಕೂಗಾಡಿದರಂತೆ. ಪ್ರೆಸ್ಸಿನ ಯಜಮಾನರು ನನಗೆ ಫೋನ್ ಮಾಡಿದರು.

“ನಿಜ ಹೇಳ್ರಿ. ಮಿಷನ್ನಿನ ತಪ್ಪಾ, ಈಕೆ ತಪ್ಪಾ?”

ಹೋಗಿ ನೋಡದೆ, ಕೂತಲ್ಲಿಂದಲೇ ಹೇಳಿದೆ: “ಮಿಷನ್ ಸರಿ ಐತ್ರಿ. ಆಕೆ ಕಾಲಿಗೆ ವೈರು ತಗಲಿ ಆಫ್ ಆಗ್ತಿರ್ಬೇಕು, ನೋಡ್ರಿ.”

ಅವರು ಆಕೆಯನ್ನು ಎಬ್ಬಿಸಿ ಮತ್ತೆ ಕವರ್ ತುಂಬಲು ಕೂರಿಸಿದರು. ತಾವೇ ಕಾಲು ಹಿಂದಕ್ಕೆಳೆದುಕೊಂಡು ಕುರ್ಚಿಯಲ್ಲಿ ಕೂತು, ಎರಡು ಬೆರಳಲ್ಲಿ ಟೈಪ್ ಮಾಡಿದರು. ಅವರಿಗೂ ಆರಿಹೋಯಿತು. ಆಗ ನಾನು ಬೈಕ್ ಹತ್ತಿ ಹರಿಹರಕ್ಕೆ ಹೋದೆ.

ಡಬ್ಬಿ ಬಿಚ್ಚಿದರೆ ಒಳಗೆ ಕಾಗದದ ಪುಡಿ ತುಂಬಿ ಫ್ಯಾನ್ ನಿಂತೇಹೋಗಿತ್ತು. ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ. ಪರದೆಯ ಮೇಲೆ ಮಾತ್ರ ಇಪ್ಪತ್ತೆಂಟು. ಆಗ ನನ್ನ ಫೈಲ್ ನೆನಪಾಯಿತು. ತೆಗೆದುಹಾಕಿದೆ. ಮುಚ್ಚಿಟ್ಟಿದ್ದ ಎರಡನೆಯ ಸಾಲು ಹೊರಗೆ ಬಂತು: ತೊಂಬತ್ತನಾಲ್ಕು. ಈ ಬೋರ್ಡಿನಲ್ಲಿ ನಿಜ ಹೇಳುತ್ತಿದ್ದುದು ಎರಡನೆಯದು, ಖಾಲಿ ಜಾಗ ಮೊದಲನೆಯದು. ನಾನು ನಿಜವನ್ನು ಮುಚ್ಚಿ ಸುಳ್ಳನ್ನು ಬಿಟ್ಟಿದ್ದೆ. ಹೊಸ ಫ್ಯಾನ್ ಹಾಕಿದ ಮೇಲೆ ಆ ಸಾಲು ನಿಧಾನವಾಗಿ ಐವತ್ತಕ್ಕೆ ಇಳಿಯಿತು.

“ಏನಾಗಿತ್ರಿ?” ಎಂದರು ಯಜಮಾನರು.

“ಧೂಳು,” ಎಂದೆ. ಸುಳ್ಳಲ್ಲ, ನಿಜವೂ ಅಲ್ಲ.

ಅವರು ಮೂಲೆಯಲ್ಲಿ ಕವರ್ ತುಂಬುತ್ತಿದ್ದ ಆಕೆಯ ಕಡೆ ತಿರುಗಿದರು. “ಕೇಳಿದೇನಮ್ಮ, ಧೂಳಂತೆ. ದಿನಾ ಒರೆಸು ಅಂದ್ರೆ ಒರೆಸ್ತೀಯಾ ನೀನು?”

ಆಕೆ ಇನ್ನೊಂದು ಕವರ್ ಕೈಗೆ ತಗೊಂಡಳು. ಡಬ್ಬಿಯ ಒಳಗಿನ ಧೂಳು ಒರೆಸುವುದು ಅವಳ ಕೆಲಸವಲ್ಲ, ನನ್ನದು. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಅವರು ತರಿಸಿದ ಚಹಾ ಕುಡಿದು ಎದ್ದುಬಂದೆ. ಇಷ್ಟು ಹೇಡಿತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ “ಯಾಕ ಮುಖ ಹಿಂಗೈತೆ?” ಎಂದಾಗ ಬಿಸಿಲು ಎಂದೆ.

ಮರುದಿನ ಅಂಗಡಿ ತೆಗೆಯದೆ ಮತ್ತೆ ಹರಿಹರಕ್ಕೆ ಹೋದೆ. ಆಕೆ ಇರುವಾಗಲೇ ಯಜಮಾನರ ಮುಂದೆ ಎಲ್ಲ ಹೇಳಿದೆ: ಫೈಲ್, ಎರಡು ಸಾಲು, ಕಾಲು ವೈರಿನ ಮಾತು, ಯಾವುದರಲ್ಲೂ ಆಕೆಯ ತಪ್ಪಿಲ್ಲ ಎನ್ನುವುದು. ಅವರಿಗೆ ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. “ಹೋಗ್ಲಿ ಬಿಡ್ರಿ, ಈಗ ಸರಿ ಐತಲ್ಲ. ಹೋಗಮ್ಮ, ನಿನ್ ಕುರ್ಚಿಗೆ ಕೂಡು,” ಎಂದರು.

ಆಕೆ ಎದ್ದು ನಿಂತಳು, ಕುರ್ಚಿಯ ಕಡೆ ಹೋಗಲಿಲ್ಲ.

“ಒಂದು ಬಿಟ್ರಿ ಸರ್,” ಎಂದಳು ನನಗೆ. ದನಿ ಏರಿಸಲಿಲ್ಲ. “ನಾನು ಫೋನಿನಾಗೆ ಕೇಳ್ದಾಗ ನೀವು ನಕ್ರಿ. ಇಬ್ರು ನಕ್ಕಿದ್ದು ಕೇಳಿಸ್ತು. ಫೈಲಿಂದು ಯಜಮಾನ್ರಿಗೆ ತಿಳಿಯಲ್ಲ. ಅದು ತಿಳಿತೈತೆ. ಅದನ್ನ ಹೇಳ್ರಿ.”

ಹೇಳಿದೆ. ಆಕೆ ಏನು ಕೇಳಿದ್ದಳು, ನಾನು ಏನೆಂದೆ, ಸ್ಪೀಕರಿಗೆ ಯಾಕೆ ಹಾಕಿದ್ದೆ, ಎಲ್ಲವನ್ನೂ. ಆಕೆ ಕೊನೆಯತನಕ ನಿಂತು ಕೇಳಿಸಿಕೊಂಡು, ಆಮೇಲೆ ಹೋಗಿ ಕೂತಳು.