ತಳ ಹಿಡಿದ ಅನ್ನ

ಇವತ್ತು ಮೊಮ್ಮಗಳು ಅನ್ನದ ತಳ ಹಿಡಿಸಿದಳು. ಆ ಸೀದ ವಾಸನೆಗೆ ಗೋರೆಗಾಂವ್ ನೆನಪಾಯಿತು.

ಆಗ ಅಲ್ಲಿ ಬರೀ ಹುಲ್ಲುಗುಡ್ಡ. ನಮ್ಮ ಶಾಲೆಯ ಗೈಡ್ ದಳದ ಶಿಬಿರ ಅಲ್ಲೇ ನಡೆಯಿತು. ಬೇರೆಯವರು ಮಾಡಿದ್ದನ್ನು ಉಣ್ಣಬಾರದೆಂಬ ಕರಾರಿನ ಮೇಲೆ ಅಜ್ಜಿ ನನ್ನನ್ನು ಘಾಟ್ಕೋಪರ್ ಚಾಳಿನ ಮನೆಯಿಂದ ಕಳಿಸಿದ್ದರು. ಅದನ್ನು ಕೇಳಿದ ಟೀಚರ್ ಬೈಯಲಿಲ್ಲ. "ಠೀಕ್ ಹೈ, ಇವತ್ತು ಎಲ್ಲರಿಗೂ ನೀನೇ ಅನ್ನ ಮಾಡು" ಎಂದರು.

ನಾನು ಅದುವರೆಗೆ ಒಲೆ ಹಚ್ಚಿದವಳಲ್ಲ. ಅನ್ನ ಕೆಳಗೆ ಕರಕಲಾಯಿತು, ಮೇಲೆ ಅಕ್ಕಿಯಾಗಿಯೇ ಉಳಿಯಿತು. ಭಾಂಡುಪ್‌ನಿಂದ ಶಾಲೆಗೆ ಬರುತ್ತಿದ್ದ ನನ್ನ ತರಗತಿಯ ಶಾಂತವ್ವ ಎರಡನೇ ಸಲ ಬಡಿಸಿಕೊಂಡು, "ಹಸಿದವ್ರಿಗೆ ಇದ ಭಾಳ ಆತು ಬಿಡ" ಎಂದಳು. ಮರುದಿನ ಅಡುಗೆ ಅವಳ ಪಾಳಿ. ತಟ್ಟೆ ಹಿಡಿದು ನಾನೂ ಸಾಲಿನಲ್ಲಿ ಕೂತೆ.

ಮನೆಗೆ ಬಂದ ಕೂಡಲೇ ಅಜ್ಜಿ, "ಯಾರ ಕೈಯದ್ದು ಉಂಡದ್ದು?" ಎಂದು ಕೇಳಿದರು.

"ಮೊದಲು ನಾನು ಸೀಯಿಸಿದ್ದನ್ನು ಅವರೆಲ್ಲ ಉಂಡರು. ಮರುದಿನ ಅವರು ಮಾಡಿದ್ದನ್ನು ನಾನು ಉಂಡೆ."

ಹೊರಗಿನಿಂದ ಬಂದವರಿಗೆ ಮೀಯದೆ ಏನನ್ನೂ ಮುಟ್ಟಗೊಡದ ಅಜ್ಜಿ ನನ್ನ ಧೂಳುಗೈ ಹಿಡಿದು ಬೆರಳಿನ ಮೊದಲ ಗೆಣ್ಣು ತೋರಿಸಿದರು.

"ಅಕ್ಕಿ ಮೇಲೆ ನೀರು ಇಷ್ಟು ನಿಲ್ಲಬೇಕು ಮಾರಾಯ್ತಿ. ಮುಂದಿನ ಸಲ ಹೋದಾಗ ಮರ್ಯಾದೆ ತೆಗೀಬೇಡ."

ಈಗ ಮೊಮ್ಮಗಳಿಗೂ ಅದನ್ನೇ ಹೇಳಿದೆ. "ಅಳೆಯೋಕೆ ಕಪ್ ಹೈ ನಾ ಅಜ್ಜಿ" ಎಂದಳು. ಆದರೂ ಗೆಣ್ಣು ತೋರಿಸಲು ಬೆರಳು ಕೊಟ್ಟಳು.