ಅವ್ವನ ಅಕ್ಕಡಿ ಸಾಲು

ಮಕ್ಕಳೇ, ನೀವು ಗಾಜರ್ ಗವತ ಎನ್ನುತ್ತೀರಲ್ಲ, ಆ ದರಿದ್ರ ಪಾರ್ಥೇನಿಯಂ ಕಸ ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನಾಗಣಸೂರಿನ ನಮ್ಮ ಹೊಲಕ್ಕೆ ಹೊಸದಾಗಿ ಬಂದಿತ್ತು. ಅದರ ಬಿಳಿ ಹೂವನ್ನು ಸಾಬೂದಾಣಿ ಎಂದು ಪರಟೆಯಲ್ಲಿ ತುಂಬಿಕೊಂಡು ನಾವು ಹುಡುಗಿಯರು ಅಡುಗೆ ಆಟ ಆಡುತ್ತಿದ್ದೆವು. ಅವ್ವನಿಗೆ ಮಾತ್ರ ಅದು ವಿಷ. ಕಳೆ ಕಿತ್ತು ಬಂದಳೆಂದರೆ ಕಣ್ಣಿನ ರೆಪ್ಪೆ ಊದುತ್ತಿತ್ತು, ಕುತ್ತಿಗೆ, ಮೊಳಕೈ ಬಿರಿದು ನೀರು ಸೋರುತ್ತಿತ್ತು. ಬೇವಿನೆಣ್ಣೆ ಹಚ್ಚಿಕೊಂಡು ಮತ್ತೆ ಹೊಲಕ್ಕೇ ಹೋಗುವಳು. ಅಲ್ಲಿ ಅವಳ ಅಕ್ಕಡಿ ಇತ್ತು: ಸಜ್ಜೆಯ ನಡುವೆ ಹೆಂಗಸರು ಬಿತ್ತುವ ತೊಗರಿ, ಅವರೆ, ಪುಂಡಿಯ ಸಾಲು. ವರ್ಷದ ಬೇಳೆ, ಪಲ್ಯ ಅದರಿಂದಲೇ.

ಒಂದು ವರ್ಷ ಶ್ರಾವಣದಲ್ಲಿ, ಮನೆಯ ವ್ಯವಹಾರವೆಲ್ಲ ನೋಡುತ್ತಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ದುಧನಿ ಪೇಟೆಯಿಂದ ಕಸ ಸಾಯುವ ಔಷಧ ತಂದ.

"ವೈನಿ, ಇನ್ನ ನೀವು ಕಸಕ್ಕ ಕೈ ಹಚ್ಚಬ್ಯಾಡ್ರಿ."

"ಬೆಳಿಗಿ ಏನರ ಆದೀತೋ ತಮ್ಮಾ?"

"ಬೆಳಿ ಯಾವ್ದು ಅಂತ ಅಂಗಡ್ಯಾಂವ ಕೇಳ್ದಾ. ಸಜ್ಜಿ ಅಂದೆ. ಸಜ್ಜಿಗಿ ಏನೂ ಆಗಂಗಿಲ್ಲಂತ. ನೀವ್ ಹೆಂಗಸರು ಎಲ್ಲಾದಕ್ಕೂ ಅಂಜತೀರಿ ನೋಡ್ರಿ!"

ಬೆನ್ನಿಗೆ ಪಂಪು ಕಟ್ಟಿಕೊಂಡು ಬದು, ಸಾಲು ಎಲ್ಲ ಹೊಡೆದ. ಫಿನೈಲಿನಂಥ ಘಾಟು ಮೂಗಿಗೆ ಅಡರಿತು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಸಜ್ಜೆ ಹಸಿರಾಗಿ ನಿಂತಿತು, ಕಸ ಬಾಡಿತು. ಜೊತೆಗೇ ತೊಗರಿಯ ಕುಡಿ ಮುರುಟಿತು, ಅವರೆ ಬಳ್ಳಿ ತಿರುಚಿಕೊಂಡಿತು, ಪುಂಡಿ ಒಣಗಿತು. ಅಗಲ ಎಲೆಯದ್ದನ್ನೆಲ್ಲ ಕೊಲ್ಲುವ ಔಷಧ ಅದು. ಅಕ್ಕಡಿಯೂ ಬೆಳೆ ಎಂದು ಅಂಗಡಿಯಲ್ಲಿ ಹೇಳಬೇಕೆಂದು ಕಾಕಾನಿಗೆ ಹೊಳೆದೇ ಇರಲಿಲ್ಲ.

ಅವ್ವ ಒಂದು ತೊಗರಿ ಗಿಡ ಕಿತ್ತು ಅವನ ಮುಖದ ಮುಂದೆ ಹಿಡಿದಳು.

"ಇದು ನಿನಗ ಕಸ ಆತೇನೋ?"

"ಹೋಗ್ಲಿ ಬಿಡ್ರಿ ವೈನಿ. ಬ್ಯಾಳಿ ಸಂತ್ಯಾಗ ಸಿಗತೈತಿ. ಬರೂ ವರ್ಷ ಅಕ್ಕಡಿ ಬಿಟ್ಟ ಬಿಡೂಣು, ಔಷಧ ಹೊಡ್ಯಾಕ ಸಸಾರ."

"ಸಂತಿಗಿ ಹೋಗಾಂವ ನೀನು, ಕಿಸೆ ನಿಂದು. ನಾ ಪಾವ ಬ್ಯಾಳಿಗಿ ನಿನ್ನ ಮುಂದ ಕೈ ಒಡ್ಡಬೇಕೇನು?"

ಅಪ್ಪ ಅಲ್ಲೇ ಇದ್ದ. ಟವೆಲ್ ಕೊಡವಿ ಎತ್ತಿನ ಕಡೆ ನಡೆದ. ಮರುವರ್ಷ ಸಜ್ಜೆಯೊಂದನ್ನೇ ಬಿತ್ತಿದರು, ಬಿತ್ತನೆಗೆ ಅವ್ವನನ್ನು ಯಾರೂ ಕರೆಯಲಿಲ್ಲ.

ಕಸ ಮಾತ್ರ ಮೊದಲ ಮಳೆಗೇ ಎದ್ದು ಬಂತು, ಅವ್ವನ ತುರಿಕೆಯೂ. ಈಗ ಅಕ್ಕಲಕೋಟದ ಬಸ್ಸಿನಲ್ಲಿ ಹೋಗುವಾಗ ನೋಡಿರಿ, ಹೊಲದಲ್ಲಿ ಒಂದೇ ಬೆಳೆ, ಬದುವಿನ ತುಂಬ ಅದೇ ಬಿಳಿ ಹೂವು. ಎಷ್ಟು ಔಷಧ ಕುಡಿದರೂ ಆ ಹಾಳು ಕಸ ಸಾಯಲಿಲ್ಲ. ಸತ್ತದ್ದು ಅಕ್ಕಡಿ. ಆಮೇಲೆ ಅವ್ವ ಬದುಕಿರುವ ತನಕ ಬೇಳೆಯನ್ನು ಕಾಕಾನ ಹತ್ತಿರ ಕೇಳಿಯೇ ಇಸಿದುಕೊಂಡಳು.