ಟಗರಿನ ಕೊಂಬಿನ ಹೂವು

ಶಹಾಪುರದ ನನ್ನ ಬಡಿಗತನದ ಅಂಗಡಿಗೆ ಕುರಿಗಾರನೊಬ್ಬ ಸತ್ತ ಟಗರಿನ ಕೊಂಬು ತಂದ.

"ಹೆಂಡ್ತಿ ಬೆಳ್ಳಿ ಸಾಮಾನ ಇಡಾಕ ಸಾಗವಾನಿ ಪೆಟ್ಟಿಗಿ ಮಾಡ್ರಿ. ಮುಚ್ಚಳದಾಗ ಇದನ್ನ ಹೂವಿನಂಗ ಕುಂದರಸ್ರಿ. ಈ ಟಗರಿನ ಮ್ಯಾಲ ನನಗ ಭಾಳ ಜೀವ ಇತ್ರಿ," ಎಂದ.

ಕೊಂಬನ್ನು ತೆಳ್ಳಗೆ ಸೀಳಿ, ಎಸಳು ಕತ್ತರಿಸಿ, ಮರದಲ್ಲಿ ಕೆತ್ತಿದ ಕುಳಿಗಳಲ್ಲಿ ಕೂರಿಸಿದೆ. ಚೆನ್ನಾಗಿಯೇ ಬಂತು.

ಪೆಟ್ಟಿಗೆ ಒಯ್ಯುವ ದಿನ ಹೆಂಡತಿಯನ್ನೂ ಕರೆತಂದಿದ್ದ. ಹೂವು ಯಾವುದರದೆಂದು ಅವನು ಹೆಮ್ಮೆಯಿಂದ ಹೇಳಿದ ಕೂಡಲೇ ಆಕೆ ಹುಬ್ಬು ಗಂಟಿಕ್ಕಿದಳು.

"ನನ್ನ ಹಾಯ್ದು ಕೆಡವಿತ್ತಲ್ಲ, ಆ ಟಗರೇನು?"

ಅವನು ಹೌದೆಂದು ತಲೆಯಾಡಿಸಿದ. ಪೆಟ್ಟಿಗೆ ನನ್ನಲ್ಲೇ ಉಳಿಯಿತು ಎಂದುಕೊಂಡೆ. ಆಕೆ ಮುಚ್ಚಳದ ಮೇಲೆ ಜೋರಾಗಿ ಗುದ್ದಿದಳು. "ಈಗ ಹಾಯಿ ನೋಡೂಣು," ಎಂದು ಪೆಟ್ಟಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟಳು.

ಒಂದು ಎಸಳೂ ಕದಲಲಿಲ್ಲ. ನನ್ನ ಕೆಲಸದ ಗಟ್ಟಿತನವನ್ನು ಅಷ್ಟು ಮನಸ್ಸಿಟ್ಟು ಯಾರೂ ಪರೀಕ್ಷಿಸಿರಲಿಲ್ಲ.